ಐವತ್ತು ಮೀಟರ್‌ನಲ್ಲಿ ಗುಂಡು ಚದುರುತ್ತಿದೆಯಾ? .22 ರೈಫಲ್‌ನ ತಪ್ಪು ಹುಡುಕುವ ಬಗೆ

ಆಗಸ್ಟ್ ಕೊನೆಯ ವಾರ ಬಂತು ಅಂದರೆ ನನ್ನ ಫೋನಿಗೆ ಬಿಡುವಿಲ್ಲ. ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿ ಹೊಡೆಯುವ ಕೊಡವರ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂದಿರುತ್ತದೆ. ಕೊಡಗಿನ ನಾಪೋಕ್ಲು ಕಡೆ ಮಳೆ ಅರ್ಧ ದಿನ ಬಿಟ್ಟರೂ ಸಾಕು, ಮನೆ ಮನೆಯಲ್ಲಿ ಕೋವಿ ಬೀರುವಿನಿಂದ ಹೊರಗೆ ಬರುತ್ತದೆ. ಈ ವರ್ಷ ಮೊದಲು ಫೋನ್ ಮಾಡಿದವನು ನನ್ನ ಚಿಕ್ಕಪ್ಪನ ಮಗ. "ಅಣ್ಣ, ಹೋದ ವರ್ಷ ಮೊದಲ ಈಡಿಗೇ ತೆಂಗಿನಕಾಯಿ ಒಡೆದ ರೈಫಲ್ ಇದು. ಈಗ ಕಾಯಿಯ ಹತ್ತಿರಕ್ಕೂ ಹೋಗ್ತಿಲ್ಲ. ನಳಿಗೆ ಹೋಯ್ತು ಅನ್ಸುತ್ತೆ. ಹೊಸ ಸ್ಕೋಪ್ ತರಿಸ್ಲಾ?"

ನಳಿಗೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. .22ರ (ಅಂದರೆ ಸುಮಾರು 0.22 ಇಂಚು ಅಗಲದ) ಗುಂಡು ಮೆತ್ತನೆ ಸೀಸ, ಅದರ ಮೇಲೆ ಮೇಣ ಅಥವಾ ಗ್ರೀಸ್ ಸವರಿರುತ್ತಾರೆ. ಚೆನ್ನಾಗಿ ನೋಡಿಕೊಂಡ ನಳಿಗೆ ಸಾವಿರಾರು ಈಡು ತಾಳುತ್ತದೆ. ಸ್ಕೋಪಿಗೆ ದುಡ್ಡು ಹಾಕುವ ಮೊದಲು ರಟ್ಟಿನ ಮೇಲಿನ ತೂತುಗಳನ್ನು ಓದಬೇಕು. ಗುಂಡು ಯಾವ ಆಕಾರದಲ್ಲಿ ಚದುರಿದೆ ಅನ್ನುವುದರಲ್ಲೇ ತಪ್ಪು ಎಲ್ಲಿದೆ ಅಂತ ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ರೈಫಲ್ ಇರುವ ಕೆಲವರು ಹೊರದೇಶದವರ ವಿಡಿಯೋ ನೋಡಿ, ಮನೆಯಲ್ಲೇ ಮದ್ದು ತೂಗಿ ತೋಟಾ ಕಟ್ಟಿದರೆ ಗುರಿ ಚೆನ್ನಾಗಿ ಬರುತ್ತದಂತೆ ಅಲ್ವಾ ಅಂತ ಕೇಳುತ್ತಾರೆ. .22ರಲ್ಲಿ ಅದು ಆಗುವ ಕೆಲಸವೇ ಅಲ್ಲ. ಇದರಲ್ಲಿ ಬೇರೆ ಕ್ಯಾಪ್ ಇಲ್ಲ, ಕಿಡಿ ಹೊತ್ತಿಸುವ ಮದ್ದು ತೋಟಾದ ಅಂಚಿನೊಳಗೇ ಇರುತ್ತದೆ. ಒಮ್ಮೆ ಹೊಡೆದರೆ ಆ ಖಾಲಿ ತೋಟಾ ಗುಜರಿಗೆ. ಉಳಿದ ರೈಫಲ್‌ಗಳ ವಿಷಯಕ್ಕೆ ಬಂದರೆ, ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಹೊತ್ತು ನಡೆಯುವುದಕ್ಕೆ. ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೇರೆಯದೇ ಪರವಾನಗಿ ಬೇಕಾದ ಕೆಲಸ. ಹಾಗಾಗಿ ನಮಗೆ ಇರುವ ದಾರಿ ಒಂದೇ. ಅಂಗಡಿಯ ತೋಟಾಗಳಲ್ಲಿ ನಮ್ಮ ನಳಿಗೆಗೆ ಒಗ್ಗುವುದು ಯಾವುದು ಅಂತ ಹುಡುಕಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಮೂರು ಈಡಿನ ಮೋಸ

ನಮ್ಮಲ್ಲಿ ಹೆಚ್ಚಿನವರು ಮೂರು ಈಡು ಹೊಡೆದು ತೀರ್ಮಾನ ಮಾಡುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಮಾಡುತ್ತಿದ್ದೆ. ಮೂರು ತೂತು ಒಂದು ರೂಪಾಯಿ ನಾಣ್ಯದೊಳಗೆ ಬಿದ್ದರೆ "ಸೂಪರ್", ಮರುದಿನ ಅದೇ ರೈಫಲ್ ಮೂರು ಇಂಚು ಹರಡಿದರೆ "ಏನೋ ಆಗಿದೆ". ನಿಜಕ್ಕೂ ಏನೂ ಆಗಿರುವುದಿಲ್ಲ. ಅದೇ ರೈಫಲ್, ಅದೇ ತೋಟಾ, ಅದೇ ಕೈ ಇದ್ದರೂ ಹತ್ತು ಈಡಿನ ಹರವು ಮೂರು ಈಡಿನ ಹರವಿಗಿಂತ ಸರಾಸರಿ ಒಂದೂವರೆ ಪಟ್ಟಿಗೂ ಜಾಸ್ತಿ ಬರುತ್ತದೆ. ಇದು ಬರೀ ಲೆಕ್ಕ, ರೈಫಲ್‌ನ ಗುಣ ಅಲ್ಲ. ಮೂರು ಈಡಿನಲ್ಲಿ ಅದೃಷ್ಟದ ಪಾಲೇ ದೊಡ್ಡದು.

ಹಾಗಾಗಿ ಹತ್ತು ಈಡು ಒಂದೇ ಗುರಿಗೆ, 50 ಮೀಟರ್‌ನಿಂದ, ಕೂತು, ಮುಂದೆ ಹಿಂದೆ ಎರಡೂ ಕಡೆ ಮರಳಿನ ಚೀಲ ಇಟ್ಟು ಹೊಡೆಯಿರಿ. ನನ್ನ ಚೀಲ ಹಳೆ ಜೀನ್ಸ್ ಪ್ಯಾಂಟಿನ ಕಾಲು, ಎರಡೂ ತುದಿ ಹೊಲಿದದ್ದು. ಮುಂದಿನ ಮರ ಚೀಲದ ಮೇಲೆ ಕೂರಬೇಕು, ನಳಿಗೆ ಯಾವುದಕ್ಕೂ ತಾಗಬಾರದು. ಬೆಲ್ಟಿನ ಕೊಂಡಿ ಚೀಲಕ್ಕೆ ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳಿ. ಅದು ಸಿಕ್ಕಿಕೊಂಡರೆ ಪ್ರತಿ ಸಲ ಕೋವಿ ಬೇರೆ ಬೇರೆ ಥರ ಜಿಗಿಯುತ್ತದೆ. ಬೇಲಿಯ ಕಂಬಕ್ಕೋ ಜೀಪಿನ ಬಾನೆಟ್‌ಗೋ ನಳಿಗೆ ಒರಗಿಸಿ ಹೊಡೆದು "ಮೇಲೆ ಹೋಗ್ತಿದೆ" ಅನ್ನುವವರ ರೈಫಲ್ ನಾನು ಬಿಚ್ಚುವುದೇ ಇಲ್ಲ.

ರಟ್ಟಿನ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು. ಕಾಫಿ ತೋಟದ ಕಡೆಗೆ, ಗದ್ದೆಯ ಕಡೆಗೆ ಬೇಡ. ಚಿಕ್ಕ ತೋಟಾ ಅಂತ ಉಡಾಫೆ ಮಾಡುತ್ತಾರೆ, ಆದರೆ .22ರ ಗುಂಡು ಒಂದೂವರೆ ಕಿಲೋಮೀಟರ್ ದೂರ ಹೋಗಬಲ್ಲದು.

ಅಳತೆ ಹೀಗೆ: ದೂರ ದೂರ ಇರುವ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಅದರಲ್ಲಿ ಗುಂಡಿನ ಅಗಲ 5.7 ಮಿಲಿಮೀಟರ್ ಕಳೆಯಿರಿ. ಸಾಧಾರಣ ಬೇಟೆ ರೈಫಲ್, ಸಾಧಾರಣ ತೋಟಾ ಆದರೆ ಹತ್ತು ಈಡಿಗೆ 25ರಿಂದ 35 ಮಿಲಿಮೀಟರ್ ಬಂದರೆ ನನಗೆ ತೃಪ್ತಿ. ಸಿಪ್ಪೆ ಸುಲಿದ ಕಾಯಿ ಹತ್ತು ಸೆಂಟಿಮೀಟರ್ ಮೇಲೇ ಇರುತ್ತದೆ. ತಮ್ಮನ ರಟ್ಟಿನಲ್ಲಿ ಬಂದದ್ದು 88.

ತೂತು ಓದುವುದು

ಹತ್ತು ತೂತು ಎರಡು ಗುಂಪಾಗಿ, ಇಲ್ಲಿ ಐದು ಅಲ್ಲಿ ಐದು ಬಿದ್ದಿದ್ದರೆ, ಎಲ್ಲೋ ಏನೋ ಸಡಿಲ ಇದೆ. ಅದು ಎರಡು ಜಾಗದ ನಡುವೆ ಓಡಾಡುತ್ತಿದೆ. ಸ್ಕೋಪಿನ ರಿಂಗ್, ಅದರ ಬೇಸ್, ಇಲ್ಲವೇ ರೈಫಲ್‌ನ ಕಬ್ಬಿಣ ಮರದೊಳಗೆ ಅಲುಗುವುದು, ಈ ಮೂರರಲ್ಲಿ ಒಂದು. ಮೂರೂ ಗಟ್ಟಿ ಇದ್ದರೆ ಮಾತ್ರ ಸ್ಕೋಪಿನ ಹೊಟ್ಟೆಯೊಳಗಿನ ದೋಷ ಅನ್ನಿ.

ಮೇಲಿಂದ ಕೆಳಕ್ಕೆ ಸಾಲಾಗಿ ಬಿದ್ದರೆ ಮೊದಲ ಅನುಮಾನ ತೋಟಾದ ಮೇಲೆ. ಲೆಕ್ಕ ನೋಡಿ. ಸಾಧಾರಣ ವೇಗದ .22 ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಹೊರಡುತ್ತದೆ. 50 ಮೀಟರ್ ಮುಟ್ಟುವಷ್ಟರಲ್ಲಿ ಸುಮಾರು 13 ಸೆಂಟಿಮೀಟರ್ ಇಳಿಯುತ್ತದೆ. ಒಂದು ತೋಟಾಕ್ಕೂ ಇನ್ನೊಂದಕ್ಕೂ ವೇಗದಲ್ಲಿ ನೂರಕ್ಕೆ ಐದು ವ್ಯತ್ಯಾಸ ಇದ್ದರೆ ಆ ಇಳಿತದಲ್ಲೇ 13 ಮಿಲಿಮೀಟರ್ ವ್ಯತ್ಯಾಸ. ಅಗ್ಗದ ತೋಟಾದಲ್ಲಿ ಇಷ್ಟು ವ್ಯತ್ಯಾಸ ಇರುವುದು ಏನೂ ವಿಶೇಷ ಅಲ್ಲ. ಉಸಿರು ಬಿಗಿ ಹಿಡಿಯದೆ ಹೊಡೆದರೂ ಮೇಲೆ ಕೆಳಗೆ ಆಗುತ್ತದೆ, ಆದರೆ ಚೀಲದ ಮೇಲೆ ಇಟ್ಟು ಹೊಡೆದಾಗ ಅದು ಕಮ್ಮಿ.

ಎಡ ಬಲಕ್ಕೆ ಹರಡಿದರೆ ಗಾಳಿ, ಇಲ್ಲವೇ ಬೆರಳು. ಗಂಟೆಗೆ 16 ಕಿಲೋಮೀಟರ್ ಅಡ್ಡ ಗಾಳಿ ಇದ್ದರೆ 50 ಮೀಟರ್‌ನಲ್ಲಿ ಗುಂಡು ಹೆಚ್ಚುಕಮ್ಮಿ ಒಂದು ಇಂಚು ಸರಿಯುತ್ತದೆ. ಇಲ್ಲಿ ಒಂದು ತಮಾಷೆ ಇದೆ. ಜಾಸ್ತಿ ವೇಗದ ತೋಟಾ ಹಾಕಿದರೆ ಗಾಳಿಗೆ ಜಗ್ಗುವುದಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದಾರೆ. .22ರಲ್ಲಿ ಅದು ಉಲ್ಟಾ. ಶಬ್ದದ ವೇಗಕ್ಕಿಂತ ಜೋರಾಗಿ ಹೊರಟ ಗುಂಡು ಮೊದಲ ಕೆಲವು ಮೀಟರ್‌ನಲ್ಲೇ ಬಹಳ ವೇಗ ಕಳೆದುಕೊಳ್ಳುತ್ತದೆ, ಹಾಗೆ ಕಳೆದುಕೊಂಡಷ್ಟೂ ಗಾಳಿ ಅದನ್ನು ತಳ್ಳುತ್ತದೆ. ಸ್ಪರ್ಧೆಗೆ ಸಾಧಾರಣ ವೇಗದ ತೋಟಾವೇ ವಾಸಿ.

ಮೊದಲ ಈಡು ಮಾತ್ರ ದೂರ ಬಿದ್ದು ಉಳಿದ ಒಂಬತ್ತು ಕೂಡಿಕೊಂಡರೆ ಅದು ನಳಿಗೆಯೊಳಗಿನ ಎಣ್ಣೆ. ಈಡು ಹೊಡೆದಂತೆಲ್ಲ ತೂತುಗಳು ಒಂದೇ ದಿಕ್ಕಿಗೆ ನಡೆದುಕೊಂಡು ಹೋಗುತ್ತಿದ್ದರೆ, ನಳಿಗೆಗೆ ಮರ ಎಲ್ಲೋ ಒತ್ತುತ್ತಿದೆ. ಆಕಾರವೇ ಇಲ್ಲದೆ ಸುತ್ತಲೂ ಹರಡಿದರೆ ತೋಟಾ ಒಗ್ಗಿಲ್ಲ, ಅಥವಾ ನಳಿಗೆಯ ತುದಿ ಪೆಟ್ಟು ತಿಂದಿದೆ.

ತಮ್ಮನ ರಟ್ಟಿನಲ್ಲಿ ಎರಡು ಗುಂಪು ಇದ್ದವು. ಎಡಗಡೆಯ ಗುಂಪು ಮೇಲಿಂದ ಕೆಳಕ್ಕೆ ಉದ್ದ ಬೇರೆ. ಅಂದರೆ ಒಂದಲ್ಲ, ಎರಡು ತಪ್ಪು.

ಸ್ಕ್ರೂ ಮತ್ತು ಮಳೆಗಾಲದ ಮರ

ಇಲ್ಲಿಂದ ಕೈ ಹಾಕಬಹುದು. ಬೋಲ್ಟ್ (ತೋಟಾ ತುಂಬಲು ಹಿಂದೆ ಮುಂದೆ ಎಳೆಯುವ ಭಾಗ) ತೆಗೆದು, ಮ್ಯಾಗಜೀನ್ ತೆಗೆದು, ಕಣ್ಣಿಂದಲೂ ಬೆರಳಿಂದಲೂ ಒಳಗೆ ತೋಟಾ ಇಲ್ಲ ಅಂತ ನೋಡಿದ ಮೇಲೆ ಮಾತ್ರ.

ಮೊದಲು ಸ್ಕೋಪಿನ ಬೇಸ್. ಬ್ರನೊ ಥರದ ಹಳೆ .22ಗಳಲ್ಲಿ ಮೇಲ್ಗಡೆ 11 ಮಿಲಿಮೀಟರ್‌ನ ಹಳಿ ಇರುತ್ತದೆ, ರಿಂಗ್ ಅದನ್ನು ಬದಿಯಿಂದ ಕಚ್ಚಿಕೊಳ್ಳುತ್ತದೆ. ಆ ಹಳಿಯ ಮೇಲೆ ಎಣ್ಣೆ ಇದ್ದರೆ ರಿಂಗ್ ಕೂದಲೆಳೆಯಷ್ಟು ಜಾರುತ್ತದೆ. ಕೂದಲೆಳೆ ಅಂದರೆ ಎಷ್ಟು? ರಿಂಗ್‌ಗಳ ನಡುವೆ 10 ಸೆಂಟಿಮೀಟರ್ ಇದ್ದು, ಒಂದು ಬರೀ 0.1 ಮಿಲಿಮೀಟರ್ ಸರಿದರೂ 50 ಮೀಟರ್‌ನಲ್ಲಿ 50 ಮಿಲಿಮೀಟರ್ ತಪ್ಪುತ್ತದೆ. ಬಿಚ್ಚಿ, ಪೆಟ್ರೋಲ್ ಅಥವಾ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಮತ್ತೆ ಬಿಗಿಮಾಡಿ. ರಿಂಗಿನ ಸ್ಕ್ರೂಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಸಿ, ಒಂದು ಬದಿ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬೇಡಿ. ಜೋರು ಮಾಡಿದರೆ ಸ್ಕೋಪಿನ ಕೊಳವೆ ಅದುಮಿಕೊಂಡು ಹಾಳಾಗುತ್ತದೆ.

ಆಮೇಲೆ ಹೊಟ್ಟೆಯ ಕೆಳಗಿನ ಸ್ಕ್ರೂ. ಕಬ್ಬಿಣವನ್ನು ಮರಕ್ಕೆ ಹಿಡಿದಿಡುವವು ಇವೇ. ಬಿಗಿ ಮಾಡುವಾಗ ಮುಂದಿನದು ಮೊದಲು, ಹಿಂದಿನದು ಆಮೇಲೆ, ಪ್ರತಿ ಸಲ ಒಂದೇ ಅಳತೆ. ಟಾರ್ಕ್ ಸ್ಪ್ಯಾನರ್ ಇದ್ದರೆ ಹೆಚ್ಚಿನ ಮರದ ಸ್ಟಾಕ್ .22ಗಳಿಗೆ 2ರಿಂದ 2.5 ನ್ಯೂಟನ್ ಮೀಟರ್ ಸಾಕು. ರೈಫಲ್ ಜೊತೆ ಬಂದ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಸ್ಪ್ಯಾನರ್ ಇಲ್ಲದಿದ್ದರೆ ಬಿಗಿಸಿದ ಮೇಲೆ ಸ್ಕ್ರೂನಿಂದ ಪಕ್ಕದ ಲೋಹದ ಮೇಲಕ್ಕೆ ಒಂದು ಗೆರೆ ಪೆನ್ನಿನಲ್ಲಿ ಎಳೆದಿಡಿ. ಮುಂದಿನ ಸಲ ಗೆರೆ ತಪ್ಪಿದ್ದರೆ ತಿರುಗಿದೆ ಅಂತ ಅರ್ಥ.

ಈಗ ಕೊಡಗಿನ ಖಾಸಾ ಕಾಯಿಲೆ. ಮರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಸ್ಟು ಬರುತ್ತದೆ. ಕೋವಿಯ ಮರ ಮಾತ್ರ ಸುಮ್ನೆ ಇರುತ್ತದೆಯೇ? ಹೊರಗೆ ಪಾಲಿಶ್ ಇದ್ದರೂ ಒಳಗಡೆ, ನಳಿಗೆ ಕೂರುವ ಕಾಲುವೆಯಲ್ಲಿ, ಹೆಚ್ಚಿನ ಸ್ಟಾಕ್‌ಗಳಿಗೆ ಬಣ್ಣವೂ ಇಲ್ಲ ಎಣ್ಣೆಯೂ ಇಲ್ಲ. ಅಲ್ಲಿಂದ ತೇವ ಎಳೆದುಕೊಂಡು ಉಬ್ಬುತ್ತದೆ, ಸೊಟ್ಟಗಾಗುತ್ತದೆ, ನಳಿಗೆಯ ಒಂದು ಬದಿಗೆ ಒತ್ತುತ್ತದೆ. ಫೆಬ್ರವರಿಯಲ್ಲಿ ಒಣಗಿದಾಗ ಮತ್ತೆ ಬಿಡುತ್ತದೆ. ಬೇಸಿಗೆಯಲ್ಲಿ ಸರಿ ಮಾಡಿದ ಗುರಿ ಕೈಲ್ ಪೊಳ್ದಿಗೆ ತಪ್ಪುವುದು ಹೆಚ್ಚಿನ ಸಲ ಇದರಿಂದಲೇ.

ಪರೀಕ್ಷೆಗೆ ಹತ್ತು ರೂಪಾಯಿ ಖರ್ಚು, ಅದೂ ವಾಪಸ್ ಸಿಗುತ್ತದೆ. ನೋಟನ್ನು ನಳಿಗೆಯ ಕೆಳಗೆ ಹಾಕಿ ತುದಿಯಿಂದ ಹಿಂದಕ್ಕೆ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮರ ತಾಗಿದೆ. ಕೆಲವು ಹಳೆ ರೈಫಲ್‌ಗಳಲ್ಲಿ ನಳಿಗೆಯನ್ನು ಮುಂದಿನ ಮರಕ್ಕೆ ಹಿಡಿಯುವ ಇನ್ನೊಂದು ಸ್ಕ್ರೂ ಇರುತ್ತದೆ, ಅಲ್ಲಿ ತಾಗುವುದು ಸಹಜ. ಬೇರೆ ಕಡೆ ತಾಗಿದರೆ ಆ ಜಾಗವನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿ. ದುಂಡನೆ ಕಡ್ಡಿಗೆ ಮರಳು ಕಾಗದ ಸುತ್ತಿ, ಗುರುತು ಮಾಡಿದ ಜಾಗವನ್ನು ಮಾತ್ರ ತೆಳ್ಳಗೆ ಉಜ್ಜಿ. ಎರಡು ನೋಟು ಒಟ್ಟಿಗೆ ಸರಾಗವಾಗಿ ಹೋಗುವಷ್ಟು ಸಾಕು. ಉಜ್ಜಿದ ಮೇಲೆ ಒಳಗಡೆಗೆ ವಾರ್ನಿಷ್ ಎರಡು ಕೈ ಬಳಿಯದೆ ಬಿಟ್ಟರೆ ಮುಂದಿನ ವರ್ಷ ಇದೇ ಕಥೆ. ಮರ ಉಬ್ಬಿದೆ ಅಂತ ಒಲೆಯ ಹತ್ತಿರ ಇಟ್ಟು ಒಣಗಿಸಿದವರೂ ಇದ್ದಾರೆ. ಸೀಳು ಬಿಟ್ಟ ಸ್ಟಾಕ್ ನೋಡಬೇಕಿದ್ದರೆ ಅವರ ಮನೆಗೆ ಹೋಗಬಹುದು.

ತಮ್ಮನ ರೈಫಲ್‌ನಲ್ಲಿ ನೋಟು ಬಲಗಡೆ ಅರ್ಧಕ್ಕೇ ನಿಂತಿತು. ಹಿಂದಿನ ಸ್ಕ್ರೂ ಕಾಲು ಸುತ್ತು ಸಡಿಲ. ಅವನು ಸ್ಕೋಪಿಗೆ ಆರ್ಡರ್ ಹಾಕುವುದರಲ್ಲಿದ್ದ!

ಸ್ಕೋಪ್

ಸ್ಕೋಪ್ ಕೆಟ್ಟಿದೆಯೋ ಅಂತ ತಿಳಿಯಲು ಚೌಕ ಹೊಡೆಯಿರಿ. ಮಧ್ಯದ ಚುಕ್ಕೆಗೇ ಗುರಿ ಇಟ್ಟು ಎರಡು ಈಡು. ಸ್ಕೋಪಿನ ತಿರುಗಣೆಯನ್ನು 20 ಕ್ಲಿಕ್ ಮೇಲಕ್ಕೆ ತಿರುಗಿಸಿ, ಎರಡು ಈಡು. 20 ಬಲಕ್ಕೆ, ಮತ್ತೆ ಎರಡು. 20 ಕೆಳಗೆ, ಎರಡು. 20 ಎಡಕ್ಕೆ ತಿರುಗಿಸಿದರೆ ಹೊರಟ ಜಾಗಕ್ಕೇ ಬರಬೇಕು. ಕಾಲು ಮಿನಿಟ್‌ನ (ಮಿನಿಟ್ ಅಂದರೆ ಇಲ್ಲಿ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು) ಕ್ಲಿಕ್ ಆದರೆ 50 ಮೀಟರ್‌ನಲ್ಲಿ ಒಂದಕ್ಕೆ 3.6 ಮಿಲಿಮೀಟರ್, ಅಂದರೆ ಚೌಕದ ಒಂದು ಬದಿ ಏಳು ಸೆಂಟಿಮೀಟರ್‌ಗೆ ಸ್ವಲ್ಪ ಜಾಸ್ತಿ. ವಾಪಸ್ ಬರದಿದ್ದರೆ ಸ್ಕೋಪ್ ಕೆಟ್ಟಿದೆ, ರಿಪೇರಿಗೆ ಒದ್ದಾಡಬೇಡಿ.

ಕೆಡದ ಸ್ಕೋಪೂ ಒಂದು ಕಡೆ ಮೋಸ ಮಾಡುತ್ತದೆ. ದೊಡ್ಡ ರೈಫಲ್‌ಗೆ ಮಾಡಿದ ಸ್ಕೋಪನ್ನು .22ಕ್ಕೆ ಹಾಕಿದಾಗ. ಅವುಗಳನ್ನು ಕಾರ್ಖಾನೆಯಲ್ಲಿ ಸುಮಾರು 100 ಮೀಟರ್ ದೂರಕ್ಕೆ ಹೊಂದಿಸಿರುತ್ತಾರೆ. 50 ಮೀಟರ್‌ನಲ್ಲಿ ಕಣ್ಣು ಸ್ವಲ್ಪ ಆಚೀಚೆ ಆದರೆ ಗೆರೆ ಗುರಿಯ ಮೇಲೆ ಸರಿದಾಡುತ್ತದೆ. ಮುಂದಿನ ಗಾಜು 40 ಮಿಲಿಮೀಟರ್ ಇದ್ದರೆ ಈ ತಪ್ಪು ಜಾಸ್ತಿ ಅಂದರೆ 10 ಮಿಲಿಮೀಟರ್. ಕಾಯಿಗೆ ಪರವಾಗಿಲ್ಲ, ಪೇಪರಿಗೆ ಜಾಸ್ತಿಯೇ. ಕೆನ್ನೆ ಪ್ರತಿ ಸಲ ಮರದ ಒಂದೇ ಜಾಗದಲ್ಲಿ ಇಡುವುದೇ ಇದಕ್ಕೆ ಮದ್ದು.

ತೋಟಾ

ಇದಕ್ಕೆ ಒಂದು ಪೂರ್ತಿ ಬೆಳಿಗ್ಗೆ ಇಡಬೇಕು. ಪ್ರತಿ .22 ನಳಿಗೆಗೂ ಅದರದೇ ನಾಲಿಗೆ ರುಚಿ. ನನ್ನದಕ್ಕೆ ಒಗ್ಗುವುದು ನಿಮ್ಮದಕ್ಕೆ ಒಗ್ಗಲೇಬೇಕು ಅಂತಿಲ್ಲ, ಬೆಲೆ ಜಾಸ್ತಿ ಇದ್ದ ಮಾತ್ರಕ್ಕೆ ಒಗ್ಗುತ್ತದೆ ಅಂತಲೂ ಇಲ್ಲ.

ಪೆಟ್ಟಿಗೆಯ ಮೇಲೆ ಹೆಸರಿನ ಜೊತೆ ಲಾಟ್ ನಂಬರ್ ಒಂದು ಇರುತ್ತದೆ. ನಮ್ಮವರು ಅದನ್ನು ನೋಡುವುದೇ ಇಲ್ಲ. ಒಂದೇ ಕಂಪನಿ, ಒಂದೇ ಹೆಸರು, ಆದರೂ ಲಾಟ್ ಬದಲಾದರೆ ಗುಂಡು ಬೀಳುವ ಜಾಗವೂ ಹರವೂ ಬದಲಾಗಬಹುದು. ತಮ್ಮ ಹೋದ ವರ್ಷದ್ದು ಅರ್ಧ ಪೆಟ್ಟಿಗೆ, ಈ ವರ್ಷದ್ದು ಅರ್ಧ, ಎರಡನ್ನೂ ಒಂದೇ ಹಾರ್ಲಿಕ್ಸ್ ಬಾಟಲಿಗೆ ಸುರಿದಿದ್ದ. ಎಡಗಡೆಯ ಗುಂಪು ಉದ್ದಕ್ಕೆ ಹೋಗಿದ್ದು ಯಾಕೆ ಅಂತ ಅಲ್ಲೇ ಅರ್ಥವಾಯಿತು.

ಸಿಕ್ಕಷ್ಟು ಬಗೆ, ಮೂರೋ ನಾಲ್ಕೋ, ತನ್ನಿ. ಪ್ರತಿಯೊಂದಕ್ಕೂ ಹತ್ತು ಈಡಿನ ಎರಡು ರಟ್ಟು. ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗುವಾಗ ಮೊದಲ ಹತ್ತು ಹದಿನೈದು ಈಡು ದಿಬ್ಬಕ್ಕೆ ಹೊಡೆದುಬಿಡಿ, ಲೆಕ್ಕಕ್ಕೆ ಬೇಡ. ಹಳೆಯ ಮೇಣ ಹೋಗಿ ಹೊಸ ಮೇಣ ನಳಿಗೆಗೆ ಹಿಡಿಯಬೇಕು. ತೋಟಾ ಬದಲಿಸುವ ದಿನ ಸ್ಕ್ರೂ ಮುಟ್ಟಬೇಡಿ, ಸ್ಕ್ರೂ ಮುಟ್ಟಿದ ದಿನ ತೋಟಾ ಬದಲಿಸಬೇಡಿ. ಎರಡನ್ನೂ ಒಟ್ಟಿಗೆ ಮಾಡಿದರೆ ಸರಿಯಾಗಿದ್ದು ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಒಗ್ಗುವ ಲಾಟ್ ಸಿಕ್ಕಿತಾ, ನಿಮಗೆ ಇಟ್ಟುಕೊಳ್ಳಲು ಅನುಮತಿ ಇರುವಷ್ಟನ್ನು ಅದೇ ಲಾಟ್‌ನಲ್ಲಿ ತಂದಿಡಿ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಡಬ್ಬಿಗೆ ಬೀಗ. ಹೊಗೆ ಅಟ್ಟದ ಮೇಲೆ ಬೇಡ. ಎಣ್ಣೆ ಕೈಯಲ್ಲಿ ಮುಟ್ಟಲೂಬೇಡಿ.

ಕುದುರೆ (ಟ್ರಿಗರ್) ಎಳೆದಾಗ ಸಿಡಿಯದಿದ್ದರೆ ನಳಿಗೆ ದಿಬ್ಬದ ಕಡೆಗೇ ಇಟ್ಟು ಕನಿಷ್ಠ ಅರ್ಧ ನಿಮಿಷ ಕಾಯಿರಿ. ತಡವಾಗಿ ಸಿಡಿಯುವುದುಂಟು. ಶಬ್ದ "ಟುಸ್" ಅಂತ ಸಪ್ಪೆಯಾಗಿ ಬಂದರೆ ಇನ್ನೊಂದು ತೋಟಾ ತುಂಬಲೇಬೇಡಿ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಬೋಲ್ಟ್ ತೆಗೆದು ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ.

ನಳಿಗೆಯ ತುದಿ, ತೋಕ್ ಪೂ

ನಳಿಗೆಯ ಬಾಯಿಯ ಅಂಚು ಸುತ್ತಲೂ ಒಂದೇ ಸಮ ಇರಬೇಕು. ಗುಂಡು ಕೊನೆಗೆ ಬಿಡುವುದು ಅದನ್ನೇ. ಒಂದು ಕಡೆ ಪೆಟ್ಟಾಗಿದ್ದರೆ ಬಿಸಿ ಗಾಳಿ ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಅಂಚಿನ ಸುತ್ತ ತಿರುಗಿಸಿ. ಹತ್ತಿಯ ಎಳೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಮುಳ್ಳೆದ್ದಿದೆ. ಇದನ್ನು ಮನೆಯಲ್ಲಿ ಅರದಿಂದ ಉಜ್ಜಬೇಡಿ, ಪರವಾನಗಿ ಇರುವ ಕೋವಿ ರಿಪೇರಿಯವರ ಲೇತ್ ಕೆಲಸ ಅದು. ಅಂಚು ಹಾಳಾಗುವುದು ಹೆಚ್ಚಾಗಿ ನಾವು ಸ್ವಚ್ಛ ಮಾಡುವ ರೀತಿಯಿಂದಲೇ. ಕಬ್ಬಿಣದ ಕಡ್ಡಿಯನ್ನು ಬಾಯಿಯಿಂದ ಒಳಕ್ಕೆ ತುರುಕುತ್ತೇವೆ. ಬೋಲ್ಟ್ ತೆಗೆದರೆ ಹಿಂದಿನಿಂದ ಹಾಕಬಹುದು ಅಲ್ವಾ?

ಹಬ್ಬದ ದಿನ ನಳಿಗೆಯ ಬಾಯಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ, ಗಂಧ ಹಚ್ಚಿ ಪೂಜೆ ಮಾಡುತ್ತೇವೆ. ನೋಡಲು ಅಷ್ಟು ಚೆಂದ. ಆದರೆ ಪೂಜೆ ಮುಗಿದ ತಕ್ಷಣ ಅದೇ ಕೋವಿ ಮೈದಾನಕ್ಕೆ ಹೋಗುತ್ತದೆ. ಹೂವಿನ ತೊಟ್ಟು ಒಳಗೆ ಮುರಿದುಕೊಂಡಿದ್ದರೆ ಅದು ಗುರಿ ತಪ್ಪುವ ಮಾತಲ್ಲ, ನಳಿಗೆ ಬಿರಿಯುವ ಮಾತು. ಒಂದು ಒಣ ಬಟ್ಟೆ ಹಿಂದಿನಿಂದ ಮುಂದಕ್ಕೆ ದಾಟಿಸಿ, ಬೆಳಕಿಗೆ ಹಿಡಿದು ನೋಡಿಯೇ ಹೊರಡಿ. ಗಂಧದ ತೇವ ಅಂಚಿನಲ್ಲಿ ಉಳಿದರೆ ಎರಡೇ ದಿನದಲ್ಲಿ ತುಕ್ಕು.

ಇಷ್ಟೆಲ್ಲ ನೋಡಿಯೂ ಚದುರಿದರೆ, ರೈಫಲನ್ನು ಚೆನ್ನಾಗಿ ಹೊಡೆಯುವ ಇನ್ನೊಬ್ಬರ ಕೈಗೆ, ಅವರನ್ನು ನಿಮ್ಮ ಜಾಗದಲ್ಲೇ ಕೂರಿಸಿ, ಕೊಡಿ. ಅವರ ರಟ್ಟು ಚೆನ್ನಾಗಿ ಬಂತು ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಖಾಲಿ ಕೋವಿಯಲ್ಲಿ ಕುದುರೆ ಎಳೆಯುವ ಅಭ್ಯಾಸ ಮಾಡಿ. ಹಳೆ .22ಗಳಲ್ಲಿ ಪಿನ್ ನೇರವಾಗಿ ನಳಿಗೆಯ ಅಂಚಿಗೆ ಬಡಿಯುವ ಅಪಾಯ ಇದೆ, ಹಾಗಾಗಿ ಅದರ ಅಳತೆಯ ಪ್ಲಾಸ್ಟಿಕ್ ಡಮ್ಮಿ ತೋಟಾ ಹಾಕಿಯೇ ಮಾಡಿ.

ತಮ್ಮನದು ಶನಿವಾರ ಸ್ಕ್ರೂ, ಮರ. ಹರವು 88ರಿಂದ 41ಕ್ಕೆ ಇಳಿಯಿತು. ಭಾನುವಾರ ಒಂದೇ ಲಾಟ್‌ನ ತೋಟಾ, 29. ಆ ರಟ್ಟನ್ನು ಕತ್ತರಿಸಿ, ಲಾಟ್ ನಂಬರ್ ಬರೆದು, ತೋಟಾ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿಕೊಂಡಿದ್ದಾನೆ. ಗುರಿಯನ್ನು ಮತ್ತೆ ಮಧ್ಯಕ್ಕೆ ತರಲು ಹನ್ನೊಂದು ಕ್ಲಿಕ್ ಬಲಕ್ಕೆ ಬೇಕಾಯಿತು. ಕಾಫಿ ಕುಯಿಲು ಮುಗಿದು ಮರ ಒಣಗಿದ ಮೇಲೆ ಇನ್ನೊಂದು ಸಲ ನೋಟು ಎಳೆದು, ಹತ್ತು ಈಡು ಹೊಡೆದು ನೋಡಬೇಕು ಅಂತ ಹೇಳಿದ್ದೇನೆ.